ಶಿಲೆಯ ಲಿಪಿಯೂ ಹಿರಿಯರ ನುಡಿಯೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಮ್ಮ ಕೋಲಾರದ ಸೀಮೆಯು ಶಾಸನಗಳ ಸೀಮೆ. ಗಂಗರ ಕಾಲದಲ್ಲಿ ಕುವಲಾಲಪುರವೆಂದು ಹೆಸರಾದ ಈ ನಗರದ ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಶಾಸನಗಳಿವೆ. ಮುಳಬಾಗಿಲ ಬಳಿಯ ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ. ಬಿ. ಎಲ್. ರೈಸ್ ಮಹಾಶಯರು 1905ರಲ್ಲಿ ಈ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಆ ಸಂಪುಟವನ್ನು ಓದಿದವನಿಗೆ ಈ ನಾಡಿನ ಚರಿತ್ರೆಯೆಲ್ಲವೂ ಕರತಲಾಮಲಕವೆಂದು ನಾನು ಬಹುಕಾಲ ನಂಬಿದ್ದೆನು.

ಒಮ್ಮೆ ಆವನಿಯಲ್ಲಿ ಕೆಲವರು ಯಾತ್ರಿಕರಿಗೆ ಅಲ್ಲಿಯ ಶಾಸನದ ಅರ್ಥವನ್ನು ಹೇಳುತ್ತಿದ್ದೆನು. ತ್ರಿಭುವನಕರ್ತಾರನೆಂಬ ಶೈವತಪಸ್ವಿಯು 40 ವರ್ಷ ಆ ಸ್ಥಾನವನ್ನಾಳಿ, 50 ಗುಡಿಗಳನ್ನೂ 2 ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂಬುದು ಅದರ ಸಾರ. ಸಮೀಪದಲ್ಲಿ ಕುಳಿತಿದ್ದ ವೃದ್ಧ ನೀರಗಂಟಿಯೊಬ್ಬನು ತೆಲುಗಿನಲ್ಲಿ, “ಸ್ವಾಮಿ, ಕೆರೆಯನ್ನು ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ; ಕಾದವರ ಹೆಸರು ಎಲ್ಲಿದೆ?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಜೆ ಅವನು ತೂಬನ್ನು ಎತ್ತುವ ಕ್ರಮವನ್ನೂ, ನೀರು ಸಾಲದ ವರ್ಷದಲ್ಲಿ ಬಡವನ ಗದ್ದೆಗೂ ಪಾಲು ಸಲ್ಲುವಂತೆ ಹಂಚುವ ನ್ಯಾಯವನ್ನೂ ವಿವರಿಸಿದನು. ನಾನು ಬರೆದುಕೊಳ್ಳಲಿಲ್ಲ. ಓಲೆಗರಿಯ ಗ್ರಂಥವಾಗಿದ್ದರೆ ಒಂದಕ್ಷರವನ್ನೂ ಬಿಡದೆ ಪ್ರತಿಮಾಡಿಕೊಳ್ಳುತ್ತಿದ್ದೆನು. ಬಡವನ ಬಾಯಿಯ ಮಾತೆಂದು ಉದಾಸೀನಮಾಡಿದೆನು. ಈಗ ನನ್ನ ನೆನಪಿನಲ್ಲಿ ಉಳಿದಿರುವುದು ಅರ್ಧಮಾತ್ರ.

ಇದು ನನ್ನೊಬ್ಬನ ತಪ್ಪಲ್ಲವೆಂದು ತೋರುತ್ತದೆ. ಈಗ ಅಂತರಗಂಗೆಗೂ ಕುರುಡುಮಲೆಯ ಗಣಪತಿಯ ಸನ್ನಿಧಿಗೂ ಮೋಟಾರುಗಳಲ್ಲಿ ಜನರು ಬಂದು, ದರ್ಶನಮಾಡಿ, ಚಿತ್ರ ತೆಗೆದು ಹಿಂದಿರುಗುವರು. ಊರಿನವರೊಡನೆ ಒಂದು ಮಾತನ್ನೂ ಆಡುವುದಿಲ್ಲ. ಶ್ರೀನಿವಾಸಪುರದ ಹಿಂದಿನ ಹೆಸರು ಪಾಪನಪಲ್ಲಿ. ಮಾಲೂರಿಗೆ ಮಲ್ಲಿಕಾಪುರವೆಂಬ ಹೆಸರಿತ್ತೆಂದು ಪ್ರತೀತಿ. ಇಂಥ ಹೆಸರುಗಳ ಕಥೆಯನ್ನು ಅರಳಿಕಟ್ಟೆಯ ಹಿರಿಯರನ್ನಲ್ಲದೆ ಬೇರೆ ಯಾರನ್ನು ಕೇಳಬೇಕು? 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರತೊಡಗಿದೆ. ನೀರು ಬಂದಿತು, ಅದನ್ನು ಹಂಚುವ ಹಳೆಯ ವಿವೇಕವು ವೃದ್ಧರೊಡನೆ ಮಣ್ಣುಗೂಡಿದರೆ ಯಾರಿಗೆ ಲಾಭ?

ವಚನವೆಂದರೆ ನುಡಿದದ್ದು ಎಂದಲ್ಲವೆ? ಅಂಬಿಗರೂ ಮಾದಾರರೂ ಕಸಗುಡಿಸುವವರೂ ಆಡಿದ ನುಡಿಯನ್ನೇ ಶರಣರು ಶಾಸ್ತ್ರಕ್ಕೆ ಸಮವೆಂದು ಗೌರವಿಸಿದರು. ಫ. ಗು. ಹಳಕಟ್ಟಿಯವರು ಮನೆಮನೆಗೂ ಅಲೆದು ಓಲೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅವರು ಗರಿಗಳಿಗಾಗಿ ಅಲೆದಂತೆ ನಾವು ನುಡಿಗಳಿಗಾಗಿ ಅಲೆಯತಕ್ಕದ್ದು.

ಆದರೆ ಕೇಳುವುದಕ್ಕೂ ಒಂದು ವಿಧಿಯುಂಟು. ಹೇಳುವವನ ಭಾಷೆಯಲ್ಲಿಯೇ, ಅದು ತೆಲುಗಾದರೆ ತೆಲುಗಿನಲ್ಲಿಯೇ, ಬರೆಯಬೇಕು. ಅವನು ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಇಡಬೇಕು. ಆವನಿಯಲ್ಲಿ ಲವಕುಶರು ಜನಿಸಿದರೆಂಬುದು ಜನರ ಶ್ರದ್ಧೆ. ಗುಡಿಗಳ ಕಾಲವು ಶಾಸನದ ವಿಷಯ. ಒಂದನ್ನು ಮತ್ತೊಂದೆಂದು ಹೇಳಿ ಯಾತ್ರಿಕರನ್ನು ಮೋಹಗೊಳಿಸಲಾಗದು. ಶಾಸನವಿಲ್ಲವೆಂದು ಶ್ರದ್ಧೆಯನ್ನು ಹಳಿಯಲೂ ಆಗದು. ಬರೆದುದನ್ನು ಹೇಳಿದವನಿಗೆ ಓದಿ ಕೇಳಿಸಿ, ಅವನ ಒಪ್ಪಿಗೆಯನ್ನು ಪಡೆದ ಬಳಿಕವೇ ಪ್ರಕಟಿಸಬೇಕು. ಆ ಕಥೆಯಿಂದ ಪ್ರವಾಸಿಗರ ಹಣವು ಬರುವುದಾದರೆ ಅದರಲ್ಲಿ ಅವನಿಗೂ ಪಾಲಿರಬೇಕು. ಪಾಲಿಲ್ಲದ ಕಡೆ ದಾಸೋಹದ ಮಾತನ್ನಾಡುವುದು ವ್ಯರ್ಥ.

ಆದುದರಿಂದ ಶಿಷ್ಯವರ್ಗದಲ್ಲಿ ನನ್ನ ಬಿನ್ನಹವಿಷ್ಟೆ: ಈ ವರ್ಷ ನಿಮ್ಮ ಗ್ರಾಮದ ಹಿರಿಯರೊಬ್ಬರ ಬಳಿ ಕುಳಿತು, ಅವರ ಮಾತನ್ನು ಬರೆದು ಒಂದು ಪ್ರತಿಯನ್ನು ಶ್ರೀಮಠದ ಭಂಡಾರಕ್ಕೆ ಒಪ್ಪಿಸಿರಿ. ಯಾತ್ರಿಕರು ಬಂದಾಗ ಗುಡಿಯನ್ನು ತೋರಿಸಿದ ಮೇಲೆ ಕೆರೆಯ ಏರಿಯ ಮೇಲೂ ನಡೆಸಿ, ಆ ಹಿರಿಯರ ಬಾಯಿಂದಲೇ ಕಥೆಯನ್ನು ಕೇಳಿಸಿರಿ. ನಾನು ಮಾಡಿದ ತಪ್ಪನ್ನು ನೀವು ಮಾಡದಿರಿ.