ಘಟ್ಟದ ಮಳೆ, ಬಯಲಿನ ಭವಿಷ್ಯ
(ಕರೋಶಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾದುದು, 1886ರಿಂದ ಬ್ಲಾನ್‌ಫರ್ಡರು ಹಿಮಾಲಯದ ಹಿಮರಾಶಿಯನ್ನು ಆಧರಿಸಿ ಮುಂಗಾರಿನ ಮುನ್ಸೂಚನೆಯನ್ನು ಹೊರಡಿಸತೊಡಗಿದುದು, ಅನಂತರ ವಾಕರ್ ಮಹಾಶಯರು ದೂರಸಾಗರಗಳ ವಾಯುಭಾರಕ್ಕೂ ನಮ್ಮ ಮಳೆಗೂ ಇರುವ ಸಂಬಂಧವನ್ನು ಶೋಧಿಸಿದುದು, ಇವೆಲ್ಲ ಯಾವ ಗ್ರಂಥಾಲಯದಲ್ಲಾದರೂ ದೊರೆಯುವ ಸಂಗತಿಗಳಾದ್ದರಿಂದ ಅವುಗಳಿಗಾಗಿ ನಿಮ್ಮ ಕಾಲವನ್ನು ವ್ಯಯಮಾಡಲಾರೆ.

ಹವಾಮಾನದವರ ಮಾತು ನಮ್ಮ ನಿತ್ಯಜೀವನದಲ್ಲಿ ಎಷ್ಟು ಆಳಕ್ಕಿಳಿದಿದೆಯೆಂಬುದಕ್ಕೂ ಸಾಕ್ಷ್ಯ ಬೇಕಿಲ್ಲ. ಚಾಟ್ನಿ (ಬಳ್ಳಿ ಸವರುವಿಕೆ) ಮುಗಿಸಿದ ಅಥಣಿಯ ದ್ರಾಕ್ಷಿ ಬೆಳೆಗಾರನು ಮೋಡ ಕವಿಯುವುದೆಂಬ ಸಂದೇಶವನ್ನು ಮೊಬೈಲಿನಲ್ಲಿ ಕಂಡೊಡನೆ ಬೂಜುರೋಗದ ಭಯದಿಂದ ಔಷಧಿ ಹೊಡೆಯುವ ಆಳುಗಳನ್ನು ರಾತ್ರಿಯೇ ಗೊತ್ತುಮಾಡುತ್ತಾನೆ. ನಿಪ್ಪಾಣಿಯ ತಂಬಾಕಿನ ರೈತನು ಹೊಲದಲ್ಲಿ ಒಣಗಲು ಹಾಕಿದ ಎಲೆಯನ್ನು ಅದೇ ಮಾತನ್ನು ನಂಬಿ ಒಟ್ಟುತ್ತಾನೆ.

ನನ್ನ ತಕರಾರು ಬೇರೆಡೆಗಿದೆ. ಪಂಚಾಂಗಪಕ್ಷದವರು ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆಗಾಲವನ್ನು ಹದಿನಾಲ್ಕು ದಿನಗಳ ಆಸುಪಾಸಿನ ಕಂತುಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಕಪ್ಪೆ, ನರಿ, ಕುದುರೆ ಎಂದೊಂದು ವಾಹನವನ್ನು ನಿಯಮಿಸುತ್ತಾರೆ. ಬಿತ್ತನೆಯ ಹದವನ್ನು ನೆನಪಿನಲ್ಲಿಡಲು ಆ ವಿಭಾಗ ಉಪಯುಕ್ತವೆಂಬುದು ನಿರ್ವಿವಾದ. ಆದರೆ ಅಯನಚಲನೆಯಿಂದಾಗಿ ಈ ನಿರಯನ ನಕ್ಷತ್ರಗಳು ಋತುವಿನಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಸರಿಯುತ್ತಲೇ ಇವೆ. ಅದಕ್ಕಿಂತ ಮಿಗಿಲಾಗಿ, ಮಹಾಬಳೇಶ್ವರಕ್ಕೂ ಅಥಣಿಗೂ ಒಂದೇ ಕಪ್ಪೆ ಸಮನಾಗಿ ಮಳೆ ತರುವುದೆಂಬುದನ್ನು ಯಾವ ಒಕ್ಕಲಿಗನೂ ಒಪ್ಪಲಾರನು. ಈ ದತ್ತಿಗೆ ಯಾರ ನಾಮಧೇಯವಿದೆಯೋ ಆ ಕೀರ್ತಿಶೇಷ ಗುರುಗಳು ಪಂಚಾಂಗವನ್ನು ಪ್ರೀತಿಯಿಂದ ಓದಿದವರು. ಅವರ ಹೆಸರಿನ ವೇದಿಕೆಯಲ್ಲಿ ಈ ಮಾತನ್ನು ನಾನು ಸಂಕೋಚದಿಂದಲೇ ಆಡುತ್ತಿದ್ದೇನೆ.

ಪಂಚಾಂಗವನ್ನು ನೋಡಿ ನಗುವ ಆಧುನಿಕರ ವಿಷಯದಲ್ಲಿ ಮಾತ್ರ ನನಗೆ ಸಂಕೋಚವಿಲ್ಲ. ಖಾನಾಪುರದ ಕಣಕುಂಬಿಯಲ್ಲಿ ಜಡಿಮಳೆ ಹಿಡಿದಿರುವಾಗ ಅಥಣಿಯ ರೈತ ಆಕಾಶದತ್ತ ಮೋರೆಯೆತ್ತಿ ನಿಂತಿರುತ್ತಾನೆ. ಇಬ್ಬರೂ ಬೆಳಗಾವಿ ಜಿಲ್ಲೆಯವರೆಂಬ ಒಂದೇ ಕಾರಣಕ್ಕೆ ಇಬ್ಬರಿಗೂ ಕೇಳಿಬರುವುದು ಹವಾಮಾನ ಇಲಾಖೆಯ ಅದೇ ಹಳದಿ ಅಥವಾ ಕಿತ್ತಳೆ ಎಚ್ಚರಿಕೆ. ಇಡೀ ಜಿಲ್ಲೆಗೆ ಬಳಿದ ಈ ಬಣ್ಣಕ್ಕೂ ಇಡೀ ದೇಶಕ್ಕೆ ಕೊಟ್ಟ ಆ ಕಪ್ಪೆಗೂ ಏನು ಅಂತರ?

ಇದಕ್ಕಿಂತ ಗಹನವಾದ ದೋಷ ಇನ್ನೊಂದಿದೆ. ನಮ್ಮ ಭಾಗದ ಹೊಳೆದಂಡೆಯ ಜನಕ್ಕೆ ಮಹಾಪೂರ ಬರುವುದು ತಮ್ಮ ತಲೆಯ ಮೇಲಿನ ಮೋಡದಿಂದಷ್ಟೇ ಅಲ್ಲ. 2021ರ ಜುಲೈ 22ರಿಂದ 23ರ ಬೆಳಗಿನವರೆಗೆ, ಅಂದರೆ ಪುಷ್ಯ ಮಳೆಯ ಮೊದಲ ದಿನಗಳಲ್ಲಿ, ಮಹಾಬಳೇಶ್ವರದಲ್ಲಿ ಸುಮಾರು 594 ಮಿಲಿಮೀಟರು ಮಳೆ ಸುರಿಯಿತು. ಅಥಣಿಗೆ ವರ್ಷವಿಡೀ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ಕೊಯ್ನೆಯು ಕರಾಡದಲ್ಲಿ, ಪಂಚಗಂಗೆಯು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿಕೊಂಡು, ಆ ಜಲರಾಶಿ ಕೆಳಗಿಳಿದು ಬರುವಾಗ ಕಲ್ಲೋಳ–ಯಡೂರ ಬಾಂದಾರ ಮುಳುಗುತ್ತದೆ. ದೂಧಗಂಗೆ ಉಕ್ಕಿದರೆ ಕಾರದಗಾ–ಭೋಜದ ದಾರಿಯೂ ಕಟ್ಟುತ್ತದೆ. 2005ರಲ್ಲಿ, 2019ರಲ್ಲಿ ಕಂಡ ಕಥೆಯೂ ಇದೇ. ಹೀಗಿದ್ದರೂ ನಮ್ಮ ಹೆಸರಿರುವುದು ಬೆಂಗಳೂರಿನ ಹವಾಮಾನ ಪ್ರಕಟಣೆಯ ‘ಉತ್ತರ ಒಳನಾಡಿ’ನಲ್ಲಿ, ನಮ್ಮ ನೀರಿನ ಮೂಲವಿರುವುದು ಇನ್ನೊಂದು ಕಚೇರಿಯ ‘ಮಧ್ಯ ಮಹಾರಾಷ್ಟ್ರ’ದಲ್ಲಿ.

ಆಕಾಶ ಹವಾಮಾನ ಇಲಾಖೆಗೆ ಸೇರಿದ್ದು, ಹೊಳೆ ಕೇಂದ್ರ ಜಲ ಆಯೋಗಕ್ಕೆ ಸೇರಿದ್ದು, ಎರಡನ್ನೂ ಬೆರಸಬಾರದೆಂದು ಕೆಲವು ವಿದ್ವಾಂಸರು ಆಕ್ಷೇಪಿಸುತ್ತಾರೆ. ಕಚೇರಿಗಳ ಹಂಚಿಕೆಯಾಗಿ ಅದು ಸರಿ; ಎಮ್ಮೆಯ ಹಗ್ಗ ಬಿಚ್ಚಿಕೊಂಡು ಎತ್ತರದ ಊರಿಗೆ ಹೊರಡಬೇಕೋ ಬೇಡವೋ ಎಂದು ನಡುರಾತ್ರಿಯಲ್ಲಿ ನಿರ್ಧರಿಸಬೇಕಾದ ಹೊಳೆದಂಡೆಯ ಮಾಂಜರಿಯ ಹೆಣ್ಣುಮಗಳಿಗೆ ಆ ಹಂಚಿಕೆಯಿಂದ ಪ್ರಯೋಜನವೇನು? ಆಕೆಗೆ ಬೇಕಾದುದು ಮಹಾಬಳೇಶ್ವರ, ಕೊಯ್ನಾ, ರಾಧಾನಗರಿಗಳಲ್ಲಿ ಬೆಳಗಿನ ಎಂಟೂವರೆಗೆ ಅಳೆದ ಮಳೆ, ನಾಳೆ ಅಲ್ಲಿ ನಿರೀಕ್ಷಿತವಾದ ಮಳೆ, ಆಣೆಕಟ್ಟಿನಿಂದ ಬಿಟ್ಟ ನೀರು. ಮೂರೂ ಒಂದೇ ಹಾಳೆಯಲ್ಲಿ, ಗ್ರಾಮ ಪಂಚಾಯಿತಿಯ ಫಲಕದ ಮೇಲೆ.

ಎರಡು ರಾಜ್ಯ, ಎರಡು ಭಾಷೆಯೆಂಬ ಅಡ್ಡಿಯನ್ನು ಮುಂದೊಡ್ಡುವವರು ಗಡಿಭಾಗವನ್ನು ಕಂಡವರಲ್ಲ. ಮಳೆಗಾಲದಲ್ಲಿ ನಿಪ್ಪಾಣಿಯ ಚಹಾದಂಗಡಿಗೆ ಹೋಗಿ ನೋಡಿರಿ: ಮನೆಯಲ್ಲಿ ಕನ್ನಡವಾಡುವ ರೈತನು ಕೊಲ್ಹಾಪುರದ ಮರಾಠಿ ಪತ್ರಿಕೆಯನ್ನು ಬಿಡಿಸಿ, ರಾಜಕೀಯದ ಪುಟವನ್ನು ಪಕ್ಕದವನ ಕೈಗಿತ್ತು, ಆಣೆಕಟ್ಟುಗಳ ನೀರಿನ ಲೆಕ್ಕವಿರುವ ಪುಟವನ್ನು ತಾನಿಟ್ಟುಕೊಳ್ಳುತ್ತಾನೆ.