ಮಿತಿಯಿಲ್ಲದ ಟಿಕೆಟ್ಟಿನ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿಯ ಬಸ್ಸುಗಳಲ್ಲಿ ಕೇಳಿಬರುವ ಮಾತೊಂದಿದೆ: ‘ಪುಕ್ಕಟೆ ಅದ ಅಂತ ಎಷ್ಟ್ ತಿರಗ್ತಾರ ನೋಡ್ರಿ!’

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ, ರಾಜ್ಯದೊಳಗೆ, ಎಷ್ಟು ಸಲವಾದರೂ ಉಚಿತವಾಗಿ ಪ್ರಯಾಣಿಸಬಹುದು. ಮಿತಿಯಿಲ್ಲವೆಂದು ಕೊಟ್ಟ ಮೇಲೆ ‘ಅತಿಯಾಯಿತು’ ಎನ್ನುವುದು ಹೊಸ ತಕರಾರೇನಲ್ಲ.

1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎರಡೂವರೆ ಲಕ್ಷ ಡಾಲರಿಗೆ ಜೀವಮಾನದ ವಿಮಾನ ಪಾಸು ಮಾರಿತು. ಕೊಂಡ ಕೆಲವರು ಸಾವಿರಾರು ಸಲ ಹಾರಿದರು. 2008ರಲ್ಲಿ ಕಂಪನಿ ದುರ್ಬಳಕೆಯ ಆರೋಪ ಹೊರಿಸಿ ಇಬ್ಬರ ಪಾಸು ರದ್ದುಮಾಡಿತು. ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ಸುಳ್ಳು ಹೆಸರಿನಲ್ಲಿ ಸೀಟು ಕಾಯ್ದಿರಿಸಿದರೆ ಅದು ಮೋಸ. ಹೆಚ್ಚು ಸಲ ಹಾರಿದರೆ ಮೋಸವೆ?

ನಮ್ಮಲ್ಲಿ ಕಂಡಕ್ಟರು ಪ್ರತಿ ಮಹಿಳೆಗೂ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಅದರ ಹಣವನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ತುಂಬಿಕೊಡಬೇಕು. ಅಂದಮೇಲೆ ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟ ತಾಯಿ, ಕಲಬುರಗಿಯ ಆಸ್ಪತ್ರೆಗೆ ಹೊರಟ ಅಕ್ಕ ಯಾರ ಋಣದಲ್ಲೂ ಇಲ್ಲ.

ಬಸ್ಸು ತುಂಬಿ ಶಾಲೆಯ ಹುಡುಗ ಬಾಗಿಲಲ್ಲಿ ಜೋತುಬಿದ್ದರೆ ಅದು ನಿಜವಾದ ಕಷ್ಟವೇ. ಆಗ ಕೇಳಬೇಕಾದ್ದು ‘ಆಕೆ ಏಕೆ ಹತ್ತಿದಳು’ ಎಂದಲ್ಲ. ‘ಇನ್ನೊಂದು ಬಸ್ಸು ಏಕಿಲ್ಲ, ಸಂಸ್ಥೆಗೆ ಹಣ ಸಕಾಲಕ್ಕೆ ಬಂತೆ’ ಎಂದು.