ಹಿಟ್ಟು ಬೇಡ, ಕಾಳು ಕೊಳ್ಳಿ: ಗೋಧಿ, ಮೊಟ್ಟೆ, ಹಾಲು ಇಲ್ಲದ ವಾಫಲ್

ಇವತ್ತು ವಾಫಲ್ ಬಗ್ಗೆ ಮಾತಾಡ್ತೀನಿ. ಸಂಬಳ, ವೀಸಾ, ಮನೆ ಸಾಲದ ಮಾತಿನ ನಡುವೆ ಇದೇನು ಅಂತ ಅನ್ನಿಸಬಹುದು. ಆದರೆ ಊರು ಬಿಟ್ಟು ಬಂದ ಮನೆಯಲ್ಲಿ ಯಾರಿಗಾದರೂ ಅಲರ್ಜಿ ಅಂತ ಗೊತ್ತಾದ ದಿನದಿಂದ ಇಡೀ ಮನೆಯ ಲೆಕ್ಕಾಚಾರವೇ ಬದಲಾಗುತ್ತೆ. ಊರಲ್ಲಿದ್ದರೆ ಅಜ್ಜಿಯೋ ದೊಡ್ಡಮ್ಮನೋ ಬೇರೆ ಪಾತ್ರೆಯಲ್ಲಿ ಒಂದಿಷ್ಟು ಮಾಡಿಕೊಡ್ತಿದ್ರು. ಇಲ್ಲಿ ಒಂಬತ್ತೂವರೆಗೆ ಸ್ಟ್ಯಾಂಡಪ್ ಕಾಲ್, ಅದಕ್ಕೂ ಮುಂಚೆ ಸ್ಕೂಲ್ ಡಬ್ಬಿ.

ನಾವಿರೋದು ನಾಶಿಕದಲ್ಲಿ. ಮಗಳಿಗೆ ಗೋಧಿ, ಮೊಟ್ಟೆ, ಹಾಲು ಮೂರೂ ಆಗಲ್ಲ. ಅಣ್ಣ ಇರೋದು ಛತ್ರಪತಿ ಸಂಭಾಜಿನಗರದಲ್ಲಿ, ವಾಳೂಜ್ ಕಡೆ ಕೆಲಸ. 2023ರಲ್ಲಿ ಹೆಸರು ಬದಲಾಯಿತು, ಅಣ್ಣನ ಬಾಯಲ್ಲಿ ಮಾತ್ರ ಇನ್ನೂ ಔರಂಗಾಬಾದೇ. ಅವನ ಹೆಂಡತಿಗೆ, ವಿಜಯಪುರದ ಕಡೆ ನಾವು ವೈನಿ ಅಂತೀವಿ, ಸೀಲಿಯಾಕ್ ಕಾಯಿಲೆ. ಹೀಗಾಗಿ ಎರಡು ಮನೆ, ಎರಡು ಪಥ್ಯ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಇಬ್ಬರಿಗೂ ಒಂದೇ ತಟ್ಟೆಯಿಂದ ಕೊಡೋಕೆ ಆಗುವಂಥದ್ದು ಏನಾದರೂ ಬೇಕಿತ್ತು. ಮಗಳು ಕೇಳಿದ್ದು ವಾಫಲ್. ಗೆಳತಿಯ ಬರ್ತ್‌ಡೇಯಲ್ಲಿ ಎಲ್ಲರೂ ತಿಂದು, ಅವಳೊಬ್ಬಳು ಮನೆಯಿಂದ ತಂದ ಕುರುಕಲು ತಿಂದು ಬಂದಿದ್ದಳು.

ಮೊದಲು ಒಂದು ಎಚ್ಚರಿಕೆ. ಗೋಧಿ ಅಲರ್ಜಿ ಬೇರೆ, ಸೀಲಿಯಾಕ್ ಬೇರೆ. ಅಲರ್ಜಿಯಲ್ಲಿ ದೇಹ ಗೋಧಿಯ ಪ್ರೋಟೀನನ್ನು ಶತ್ರು ಅಂದುಕೊಂಡು ತಕ್ಷಣ ತಿರುಗಿ ಬೀಳುತ್ತೆ: ಮೈ ದದ್ದು, ವಾಂತಿ, ಕೆಲವರಿಗೆ ಉಸಿರೇ ಕಟ್ಟುವಷ್ಟು. ಸೀಲಿಯಾಕ್‌ನಲ್ಲಿ ಗ್ಲೂಟೆನ್ ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತೆ. ನಿಧಾನ, ಕಣ್ಣಿಗೆ ಕಾಣಲ್ಲ, ಜೀವನಪೂರ್ತಿ. ಗೋಧಿ ಅಲರ್ಜಿಯವರಿಗೆ ಬಾರ್ಲಿ ಒಗ್ಗಬಹುದು, ಸೀಲಿಯಾಕ್‌ನವರಿಗೆ ಸಾಧ್ಯವೇ ಇಲ್ಲ. ತಿರುಗಿಸಿ ನೋಡಿದರೆ, ಗ್ಲೂಟೆನ್ ಫ್ರೀ ಅಂತ ಬರೆದ ಕೆಲವು ವಿದೇಶಿ ಪದಾರ್ಥಗಳಲ್ಲಿ ಗ್ಲೂಟೆನ್ ತೆಗೆದ ಗೋಧಿ ಪಿಷ್ಟ ಇರುತ್ತೆ. ಅದು ವೈನಿಗೆ ನಡೆದರೂ ನನ್ನ ಮಗಳಿಗೆ ನಡೆಯಲ್ಲ. ಇನ್ನೊಂದು ಮಾತು: ಹೊಟ್ಟೆ ಉಬ್ಬರ ಅಂತ ನೀವೇ ಗೋಧಿ ಬಿಟ್ಟು, ಆಮೇಲೆ ಸೀಲಿಯಾಕ್ ರಕ್ತ ಪರೀಕ್ಷೆಗೆ ಹೋಗಬೇಡಿ. ಗೋಧಿ ಬಿಟ್ಟವರಲ್ಲಿ ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲ ಅಂತ ತೋರಿಸಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಸರಿ, ವಾಫಲ್‌ಗೆ ಬರೋಣ. ಮಾಮೂಲಿ ವಾಫಲ್‌ನಲ್ಲಿ ಮೈದಾದ ಗ್ಲೂಟೆನ್ ಹಿಟ್ಟನ್ನು ಹಿಡಿದಿಡುತ್ತೆ, ಮೊಟ್ಟೆ ಉಬ್ಬಿಸುತ್ತೆ ಮತ್ತು ಅಂಟಿಸುತ್ತೆ, ಹಾಲು ಕೆಂಪು ಬಣ್ಣ ಕೊಡುತ್ತೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಂದೊಂದಕ್ಕೂ ಒಂದೊಂದು ಬದಲಿ ಪುಡಿ ಹೇಳ್ತಾರೆ. ಕ್ಸಾಂತನ್ ಗಮ್ ಅಂತೆ, ಮರಗೆಣಸಿನ ಪಿಷ್ಟ ಅಂತೆ, ಬಾದಾಮಿ ಹಿಟ್ಟಂತೆ. ತಿಂಗಳ ಕೊನೆಗೆ ಕ್ರೆಡಿಟ್ ಕಾರ್ಡ್ ಬಿಲ್ ನೋಡಿ ತಲೆ ತಿರುಗುತ್ತೆ. ನನಗೆ ಆ ದಾರಿಯೇ ಇಷ್ಟವಾಗಲ್ಲ. ಉದ್ದಿನ ಬೇಳೆ ರುಬ್ಬಿ, ರಾತ್ರಿಯಿಡೀ ಹುಳಿ ಬರಿಸಿ, ಬೆಳಿಗ್ಗೆ ದೋಸೆ ಹೊಯ್ಯುವ ಜನ ನಾವು. ಗ್ಲೂಟೆನ್ ಇಲ್ಲದೆ, ಮೊಟ್ಟೆ ಇಲ್ಲದೆ, ಹಾಲಿಲ್ಲದೆ ಹಿಟ್ಟು ಉಬ್ಬಿಸೋದು ನಮಗೆ ಯಾರೂ ಕಲಿಸಬೇಕಿಲ್ಲ. ಉದ್ದಿನ ಲೋಳೆ ಮತ್ತು ಪ್ರೋಟೀನು ಗಾಳಿಯನ್ನು ಹಿಡಿದಿಡುತ್ತವೆ, ಹುಳಿ ಬರಿಸುವ ಬ್ಯಾಕ್ಟೀರಿಯಾ ಆ ಗಾಳಿಯನ್ನು ತುಂಬುತ್ತವೆ.

ಅಷ್ಟೇ ಅಲ್ಲ, ಗೋಧಿ ಇಲ್ಲದ ಬ್ರೆಡ್ ಮಾಡೋದು ನಿಜವಾಗಿ ಕಷ್ಟ, ವಾಫಲ್ ಸುಲಭ. ಬ್ರೆಡ್ಡು ಒಲೆಯೊಳಗೆ ಮುಕ್ಕಾಲು ಗಂಟೆ ಬೀಳದೆ ನಿಲ್ಲಬೇಕು. ವಾಫಲ್ ತೆಳ್ಳಗಿರುತ್ತೆ, ಮೇಲೂ ಕೆಳಗೂ ಕಾದ ಕಬ್ಬಿಣ, ಎರಡು ನಿಮಿಷದಲ್ಲಿ ಎರಡೂ ಕಡೆ ಗಟ್ಟಿಯಾಗುತ್ತೆ. ಕುಸಿಯೋಕೆ ಅದಕ್ಕೆ ಸಮಯವೇ ಇಲ್ಲ. ನಮ್ಮ ಪಡ್ಡಿನ ಹಂಚಿನ ಹಾಗೆ ಇದೂ ಒಂದು ಅಚ್ಚು.

ನಾಶಿಕದ ಮಾತು ಹೇಳಬೇಕು. ಮರಾಠಿ ಮನೆಗಳಲ್ಲಿ ಉಪವಾಸ ಅಂದರೆ ಏನೂ ತಿನ್ನದಿರೋದಲ್ಲ, ಬೇರೆ ತಿನ್ನೋದು. ಭಗರ್ ಅಥವಾ ವರೈ, ಸಾಬುದಾಣಿ, ರಾಜಗಿರಿ, ಶಿಂಗಾಡ. ಆಷಾಢ ಏಕಾದಶಿ ಹತ್ತಿರ ಬಂದಾಗ ಯಾವ ಕಿರಾಣಿ ಅಂಗಡಿಗೆ ಹೋದರೂ ಮುಂದಿನ ಸಾಲಿನಲ್ಲಿ ಇವೇ. ಒಂದರಲ್ಲೂ ಗೋಧಿ ಇಲ್ಲ. ಭಗರ್ ಅಂದರೆ ನಮ್ಮ ಸಾಮೆ ಅಥವಾ ಊದಲು, ಅಂಗಡಿಯಲ್ಲಿ ಎರಡಕ್ಕೂ ಅದೇ ಹೆಸರು. ಜಿಲ್ಲೆಯ ಪಶ್ಚಿಮದ ಗುಡ್ಡಗಾಡು ತಾಲ್ಲೂಕುಗಳು, ಸುರಗಾಣಾ, ಪೇಠ್, ತ್ರ್ಯಂಬಕೇಶ್ವರ, ಇಗತ್ಪುರಿ ಕಡೆ ಆದಿವಾಸಿ ರೈತರು ಮಳೆ ನೀರಲ್ಲೇ ವರೈ ಬೆಳೀತಾರೆ, ನಾಗಲಿ ಬೆಳೀತಾರೆ. ನಾಗಲಿ ಏನು ಗೊತ್ತಾ? ನಮ್ಮ ರಾಗಿ. ಮಂಡ್ಯದವರೊಬ್ಬರು ನಾಶಿಕಕ್ಕೆ ಬಂದು ಆರು ತಿಂಗಳು ಆನ್‌ಲೈನಲ್ಲಿ ರಾಗಿ ತರಿಸ್ತಿದ್ದರು, ಮನೆಯ ಕೆಳಗಿನ ಅಂಗಡಿಯಲ್ಲೇ ನಾಗಲಿ ಮೂಟೆ ಇತ್ತು.

ಅಂಗಡಿಯಲ್ಲಿ ಉಪವಾಸ ಭಾಜಣಿ ಅಂತ ಸಿದ್ಧ ಹಿಟ್ಟೂ ಸಿಗುತ್ತೆ, ಹುರಿದು ಬೀಸಿದ್ದು. ನೋಡಿದ ಕೂಡಲೇ ಇದೇ ನಮ್ಮ ಗ್ಲೂಟೆನ್ ಫ್ರೀ ಮಿಕ್ಸ್ ಅನ್ನಿಸುತ್ತೆ. ಅದರ ಪಕ್ಕದಲ್ಲೇ ಥಾಲಿಪೀಠ ಭಾಜಣಿ ಇರುತ್ತೆ, ಹೆಚ್ಚುಕಡಿಮೆ ಅದೇ ಬಣ್ಣ, ಅದರಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತೆ. ಆದರೆ ನನ್ನ ತಕರಾರು ಇದಕ್ಕಿಂತ ಹಿಂದಿನದು. ಹಿಟ್ಟು ಬೀಸಿದ್ದು ಎಲ್ಲಿ? ಗಿರಣಿಯಲ್ಲಿ. ಕನ್ನಡದಲ್ಲೂ ಗಿರಣಿ, ಮರಾಠಿಯಲ್ಲೂ ಗಿರಣಿ, ಅದರೊಳಗೆ ದಿನವಿಡೀ ಬೀಸೋದು ಗೋಧಿ. ನಾನು ಹೋಗುವ ಗಿರಣಿಯವರಿಗೆ ಗ್ಲೂಟೆನ್ ಅಂದರೆ ಅರ್ಥವಾಗಲ್ಲ. ಉಪವಾಸಕ್ಕೆ ಅಂದರೆ ತಕ್ಷಣ ಅರ್ಥವಾಗುತ್ತೆ, ಬ್ರಷ್ ತಗೊಂಡು ಕಲ್ಲು ಒರೆಸಿ, ಬೆಳಿಗ್ಗೆ ಮೊದಲ ಸರದಿಯಲ್ಲಿ ಬೀಸಿಕೊಡ್ತಾರೆ. ಒಳ್ಳೆಯ ಜನ. ಆದರೆ ದೇವರಿಗೆ ಸಾಕಾದ ಮಡಿ ಸೀಲಿಯಾಕ್‌ಗೆ ಸಾಕಾಗಲ್ಲ. ನಮ್ಮ ದೇಶದ ನಿಯಮದಲ್ಲಿ ಗ್ಲೂಟೆನ್ ಫ್ರೀ ಅಂತ ಹೇಳಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು. ಇಪ್ಪತ್ತು ಮಿಲಿಗ್ರಾಂ ಅಂದರೆ ಚಿಟಿಕೆಯೂ ಅಲ್ಲ. ಗಿರಣಿಯ ಕಲ್ಲಿನ ಸಂದಿಯಲ್ಲಿ ಉಳಿಯೋದು ಅದಕ್ಕಿಂತ ಎಷ್ಟೋ ಹೆಚ್ಚು.

ಅದಕ್ಕೇ ನಮ್ಮ ಮನೆಯ ನಿಯಮ: ಹಿಟ್ಟು ಕೊಳ್ಳೋದಿಲ್ಲ, ಕಾಳು ಕೊಳ್ತೀವಿ. ಕಾಳನ್ನು ಕಣ್ಣಲ್ಲಿ ನೋಡಬಹುದು. ಭಗರ್ ಸಣ್ಣದು, ಗೋಧಿ ಕಾಳು ದೊಡ್ಡದು, ಸ್ಟೀಲ್ ತಟ್ಟೆಯಲ್ಲಿ ಹರಡಿ ಆರಿಸಿದರೆ ಒಂದೇ ಒಂದು ಗೋಧಿ ಕಾಳಿದ್ದರೂ ಎದ್ದು ಕಾಣುತ್ತೆ. ಉದ್ದಿನ ಬೇಳೆಯನ್ನೂ ಹಾಗೇ ಆರಿಸಿ. ಆಮೇಲೆ ಮೂರ್ನಾಲ್ಕು ನೀರಲ್ಲಿ ತೊಳೆದರೆ ಮೇಲಿನ ಧೂಳು ಹೋಗುತ್ತೆ. ಮನೆಯ ಗ್ರೈಂಡರಲ್ಲಿ ರುಬ್ಬಿದರೆ ಗಿರಣಿಯ ಸಹವಾಸವೇ ಇಲ್ಲ. ಅಮ್ಮಂದಿರು ಇದನ್ನೆಲ್ಲ ರುಚಿಗಾಗಿ ಮಾಡ್ತಿದ್ರು, ನಮಗೆ ಈಗ ಇದೇ ರಕ್ಷಣೆ.

ಅಳತೆ ಬರೆದುಕೊಳ್ಳಿ. ಭಗರ್ ಎರಡು ಕಪ್, ಉದ್ದಿನ ಬೇಳೆ ಅರ್ಧ ಕಪ್, ಸಾಬುದಾಣಿ ಕಾಲು ಕಪ್. ನಾಲ್ಕೈದು ಗಂಟೆ ನೆನೆಸಿ. ಮೆಂತ್ಯ ಕಾಲು ಚಮಚ ಹಾಕಬಹುದು, ಆದರೆ ಶೇಂಗಾ ಅಲರ್ಜಿ ಇರುವ ಕೆಲವರಿಗೆ ಮೆಂತ್ಯವೂ ಆಗಲ್ಲ, ಅಂಥ ಮನೆಯಲ್ಲಿ ಬಿಟ್ಟುಬಿಡಿ. ಉದ್ದನ್ನು ಮೊದಲು ನೊರೆ ಬರುವ ಹಾಗೆ ರುಬ್ಬಿ, ಆಮೇಲೆ ಉಳಿದದ್ದು. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ತೆಳು, ದೋಸೆ ಹಿಟ್ಟಿಗಿಂತ ಗಟ್ಟಿ. ಉಪ್ಪು ಹಾಕಿ ಮುಚ್ಚಿಡಿ. ಎಷ್ಟು ಹೊತ್ತು? ಅದು ಊರಿನ ಮೇಲೆ. ಡಿಸೆಂಬರಿನ ನಾಶಿಕದಲ್ಲಿ ಹದಿನಾಲ್ಕು ಗಂಟೆಯೂ ಸಾಲದು. ಪಕ್ಕದ ನಿಫಾಡದಲ್ಲಿ ಒಂದಂಕಿಗೆ ಇಳಿಯುವ ಚಳಿ, ಪಾತ್ರೆಯನ್ನು ಶಾಲಿನಲ್ಲಿ ಸುತ್ತಿ ಲೈಟ್ ಹಾಕಿದ ಓವನ್ ಒಳಗಿಡ್ತೀನಿ. ಮೇ ತಿಂಗಳ ಸಂಭಾಜಿನಗರದಲ್ಲಿ ಐದಾರು ಗಂಟೆಗೇ ಹಿಟ್ಟು ಪಾತ್ರೆಯಿಂದ ಹೊರಗೆ ಬಂದು ನಿಮ್ಮನ್ನು ಕರೆಯುತ್ತೆ.

ಹೊಯ್ಯುವ ಮುಂಚೆ ಎರಡು ಕಪ್ ಹಿಟ್ಟಿಗೆ ಎರಡು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ಪುಡಿ ಬೆಲ್ಲ, ಚಿಟಿಕೆ ಅಡುಗೆ ಸೋಡಾ. ಎಣ್ಣೆ ಕಡಿಮೆ ಮಾಡಿದರೆ ಗರಿಗರಿ ಬರಲ್ಲ, ಡಯಟ್ ನೆನಪಾಗಿ ಕೈ ಹಿಡೀಬೇಡಿ. ಹಾಲಿಲ್ಲದ ಹಿಟ್ಟಿಗೆ ಬಣ್ಣ ಕೊಡೋದು ಬೆಲ್ಲ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಪಿಷ್ಟ ಬೆರೆಸಿರ್ತಾರೆ, ಯಾವ ಪಿಷ್ಟ ಅಂತ ಡಬ್ಬಿ ಓದಬೇಕು. ಹುಳಿ ಬಂದ ಹಿಟ್ಟಿಗೆ ಬರೀ ಸೋಡಾ ಸಾಕು. ಅಚ್ಚು ಚೆನ್ನಾಗಿ ಕಾಯಬೇಕು. ಹೊಯ್ದ ಮೇಲೆ ಆವಿ ಬರೋದು ನಿಲ್ಲುವವರೆಗೆ ಮುಚ್ಚಳ ಎತ್ತಬೇಡಿ. ನಡುವೆ ಎತ್ತಿದರೆ ವಾಫಲ್ ಎರಡು ಹೋಳಾಗಿ ಮೇಲೊಂದು ಕೆಳಗೊಂದು ಅಂಟಿಕೊಳ್ಳುತ್ತೆ. ನಮ್ಮ ಮೇಕರಲ್ಲಿ ಆರು ನಿಮಿಷ. ತೆಗೆದದ್ದನ್ನು ತಟ್ಟೆಗೆ ಹಾಕಬೇಡಿ, ಜಾಲರಿಯ ಮೇಲಿಡಿ, ಇಲ್ಲದಿದ್ದರೆ ಅದರ ಆವಿಗೆ ಅದೇ ಮೆತ್ತಗಾಗುತ್ತೆ.

ಸಂಭಾಜಿನಗರದ ಮನೆಯಲ್ಲಿ ವೈನಿ ಜೋಳದ್ದು ಮಾಡ್ತಾರೆ. ಮರಾಠವಾಡಾದ ಭಾಕರಿಯೂ ನಮ್ಮ ಜೋಳದ ರೊಟ್ಟಿಯೂ ಒಂದೇ ತಾಯಿಯ ಮಕ್ಕಳು. ಮಾಲದಂಡಿ ಜೋಳ ಅಲ್ಲೂ ಸಿಗುತ್ತೆ, ವಿಜಯಪುರದಲ್ಲೂ ಸಿಗುತ್ತೆ. ಜೋಳಕ್ಕೆ ಜಿಗುಟಿಲ್ಲ, ಅದಕ್ಕೇ ರೊಟ್ಟಿಗೆ ಎಸರಿಟ್ಟು, ಕುದಿಯುವ ನೀರಲ್ಲಿ ಹಿಟ್ಟು ಕಲಸ್ತೀವಿ. ಬಿಸಿನೀರಿಗೆ ಪಿಷ್ಟ ಬೆಂದು ಅಂಟು ಬಿಡುತ್ತೆ. ವೈನಿ ಅದನ್ನೇ ವಾಫಲ್‌ಗೆ ತಂದರು. ಎರಡು ಕಪ್ ಜೋಳ ಹತ್ತು-ಹನ್ನೆರಡು ಗಂಟೆ ನೆನೆಸಿ, ಅರ್ಧ ಕಪ್ ಉದ್ದಿನ ಜೊತೆ ನುಣ್ಣಗೆ ರುಬ್ಬಿ, ಅದರಲ್ಲಿ ಒಂದು ಸೌಟು ತೆಗೆದು ಒಂದು ಕಪ್ ನೀರಲ್ಲಿ ಗಂಜಿ ಕಾಯಿಸಿ, ಆರಿಸಿ, ಮತ್ತೆ ಹಿಟ್ಟಿಗೇ ಕಲಸಿ ಹುಳಿ ಬರೋಕೆ ಇಡೋದು. ರುಬ್ಬುವಾಗ ನೀರು ಕಡಿಮೆ ಇರಲಿ, ಗಂಜಿಯ ನೀರು ಆಮೇಲೆ ಸೇರುತ್ತಲ್ಲ. ಒಳಗೆ ಮೃದು, ಹೊರಗೆ ಗಟ್ಟಿ. ಭಗರಿನದಕ್ಕಿಂತ ನನಗೆ ಇದೇ ಇಷ್ಟ. ಮೇಲೆ ದೌಲತಾಬಾದ್ ದಾರಿಯಲ್ಲಿ ಮಾರುವ ಸೀತಾಫಲದ ತಿರುಳು ಹಾಕ್ತಾರೆ. ಊರಿಂದ ಬಂದವರನ್ನು ವೆರೂಳಕ್ಕೆ ಕರ್ಕೊಂಡು ಹೋಗಿ, ಕೈಲಾಸ ಕಡೆಸಿದ್ದು ನಮ್ಮ ರಾಷ್ಟ್ರಕೂಟರ ಕೃಷ್ಣ ಅಂತ ಅಣ್ಣ ಭಾಷಣ ಮಾಡುವಾಗ, ವೈನಿ ಕೈಯಲ್ಲಿ ಈ ವಾಫಲ್ ಡಬ್ಬಿ ಇರುತ್ತೆ. ಹೊರಗೆ ಅವರು ತಿನ್ನಬಹುದಾದದ್ದು ಅಷ್ಟೇ.

ಹೊರಗೆ ಅಂದಾಗ ನೆನಪಾಯಿತು. ಒಂದು ಕೆಫೆಯಲ್ಲಿ ಗ್ಲೂಟೆನ್ ಫ್ರೀ ವಾಫಲ್ ಅಂತ ಬೋರ್ಡ್ ಇತ್ತು. ಒಳಗೆ ಹೋಗಿ ನೋಡಿದರೆ ಹಿಟ್ಟು ಬೇರೆ, ಅಚ್ಚು ಅದೇ. ಆ ಗುಳಿಗಳಲ್ಲಿ ಹಿಂದಿನ ಮೈದಾ ವಾಫಲ್ ಚೂರು ಇದ್ದೇ ಇರುತ್ತೆ. ಮನೆಗೂ ಇದೇ ಮಾತು: ಗೆಳೆಯರ ವಾಫಲ್ ಮೇಕರ್ ಎರವಲು ತರಬೇಡಿ, ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ. ಹೊಸ ಮೇಕರ್ ಖರ್ಚು ಬೇಡವಾದರೆ ಇದೇ ಹಿಟ್ಟಲ್ಲಿ ಪಡ್ಡು ಹಾಕಿ, ಹಂಚು ಮಾತ್ರ ಹೊಸದಿರಲಿ.

ಇನ್ನು ಅಂಗಡಿಯ ಮಾತು. ನಮ್ಮ ಕಡೆ ಜವೆ ಗೋಧಿ ಅಂತಾರಲ್ಲ, ಇಲ್ಲಿ ಅದು ಖಪಲಿ. ಹಳೆ ತಳಿ, ಗ್ಲೂಟೆನ್ ಏನೂ ಆಗಲ್ಲ ಅಂತ ಮಾರ್ತಾರೆ. ಅದೂ ಗೋಧಿಯೇ, ಗ್ಲೂಟೆನ್ ಇದ್ದೇ ಇದೆ. ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸೋದು ಮಾಮೂಲು, ಖಾರದ ವಾಫಲ್ ಮಾಡುವವರು ನೋಡಿಕೊಳ್ಳಿ. ತುಪ್ಪದಲ್ಲಿ ಹಾಲಿಲ್ಲ ಅಂತ ಅತ್ತೆ ಹೇಳ್ತಾರೆ, ಹಾಲಿನ ಪ್ರೋಟೀನಿನ ಚೂರು ಅದರಲ್ಲಿ ಉಳಿದಿರುತ್ತೆ, ಹಾಲಿನ ಅಲರ್ಜಿ ಇದ್ದರೆ ಅಚ್ಚಿಗೆ ಸವರೋಕೂ ಬೇಡ. ಉಪವಾಸದ ತಿಂಡಿಯಲ್ಲಿ ಗೋಧಿ ಇಲ್ಲ, ಆದರೆ ಶೇಂಗಾ ಪುಡಿ ಎಲ್ಲದರಲ್ಲೂ ಇದೆ. ಪ್ಯಾಕೆಟ್ ಮೇಲೆ ಅಲರ್ಜಿಯ ಸೂಚನೆ ಇರಲೇಬೇಕು ಅಂತ ಎಫ್‌ಎಸ್‌ಎಸ್‌ಎಐ 2020ರ ಲೇಬಲ್ ನಿಯಮದಲ್ಲಿದೆ: ಗ್ಲೂಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿ, ಶೇಂಗಾ ಮತ್ತು ಗೋಡಂಬಿ-ಬಾದಾಮಿಯಂಥವು, ಸೋಯಾ, ಸಲ್ಫೈಟ್. ಎಳ್ಳು ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಬರೆಯಬೇಕು. ಅಲ್ಲಿಂದ ವಾಪಸ್ ಬಂದವರು ಅದೇ ನಂಬಿಕೆಯಲ್ಲಿ ಪ್ಯಾಕೆಟ್ ಕೊಳ್ಳಬೇಡಿ, ಎಳ್ಳಿನ ಅಲರ್ಜಿ ಇದ್ದರೆ ಪೂರ್ತಿ ಪದಾರ್ಥಗಳ ಪಟ್ಟಿ ಓದಿ.

ಉದ್ದೇ ಆಗದವರು ಏನು ಮಾಡಬೇಕು ಅಂತ ಹಲವರು ಕೇಳಿದ್ದೀರಿ. ಅಗಸೆ ಬೀಜ ಒಗ್ಗುತ್ತೆ ಅಂದರೆ ಒಂದು ದೊಡ್ಡ ಚಮಚ ಅಗಸೆ ಪುಡಿಗೆ ಮೂರು ಚಮಚ ನೀರು, ಹತ್ತು ನಿಮಿಷದಲ್ಲಿ ಲೋಳೆಯಾಗುತ್ತೆ, ಎರಡು ಕಪ್ ಹಿಟ್ಟಿಗೆ ಅಂಥದ್ದು ಎರಡು ಪಾಲು. ಅಷ್ಟು ಹಗುರ ಬರಲ್ಲ, ಆದರೆ ಮುರಿಯಲ್ಲ. ಭಾನುವಾರ ಒಂದೇ ಸಲ ಹನ್ನೆರಡು ಮಾಡಿ, ಪೂರ್ತಿ ಆರಿಸಿ, ನಡುವೆ ಬಟರ್ ಪೇಪರ್ ಇಟ್ಟು ಫ್ರೀಜರಲ್ಲಿಡಿ. ಬೆಳಿಗ್ಗೆ ತವಾ ಮೇಲೆ ಎರಡು ನಿಮಿಷ. ಮನೆಯವರು ಬ್ರೆಡ್ ಸುಡುವ ಟೋಸ್ಟರಿಗೆ ಮಾತ್ರ ಹಾಕಬೇಡಿ. ಕಾಮೆಂಟಲ್ಲಿ ನಿಮ್ಮ ಊರು ಬರೆದು ಕೇಳಿ, ಅಲ್ಲಿ ಭಗರಿಗೆ ಏನಂತಾರೆ ಅಂತ ಗೊತ್ತಿದ್ದವರು ಹೇಳ್ತಾರೆ.